ವಸಿಯ್ಯತ್: ಬರೆದಿಡದಿದ್ದರೆ ನಷ್ಟ ಯಾರಿಗೆ?

(ಕುಕನೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ಶಿಕ್ಷಣ ಸಂಘದ ಸಭೆಯಲ್ಲಿ ಸಾವು, ಆಸ್ತಿ, ವಸಿಯ್ಯತ್ ಎಂಬ ಮಾತುಗಳು ಯಾಕೆ ಬಂದವು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಒಂದು ಮಗು ಏಳನೇ ಇಯತ್ತೆಗೋ ಎಂಟನೇ ಇಯತ್ತೆಗೋ ಶಾಲೆ ಬಿಡುತ್ತದೆ. ಕಾರಣ ಕೇಳಿದರೆ ಬಡತನ ಎನ್ನುತ್ತೇವೆ. ಇನ್ನೊಂದಿಷ್ಟು ಆಳಕ್ಕೆ ಹೋದರೆ ಎಷ್ಟೋ ಮನೆಗಳಲ್ಲಿ ಕಾಣುವುದು ಇದು: ದುಡಿಯುವ ತಂದೆ ಅಕಾಲದಲ್ಲಿ ತೀರಿಹೋದ, ಅಜ್ಜನ ಮನೆ, ಅಂಗಡಿ, ಪ್ಲಾಟು ಎಲ್ಲವೂ ಇದ್ದರೂ ಆ ಮಕ್ಕಳಿಗೆ ಅದರಲ್ಲಿ ಪಾಲು ಬರಲಿಲ್ಲ, ತಾಯಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು, ಇಲ್ಲವೇ ಗುಳೆ ಹೋದಳು. ಅಜ್ಜನಿಗೆ ಆ ಮೊಮ್ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿ ಇತ್ತು, ಕಾಗದ ಇರಲಿಲ್ಲ. ಆದ್ದರಿಂದ ಈ ವಿಷಯ ಶಿಕ್ಷಣ ಸಂಘಕ್ಕೆ ಸಂಬಂಧಿಸಿದ್ದೇ ಆಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ಮೃತ್ಯುಪತ್ರ ಎಂದ ಕೂಡಲೇ "ನನ್ನ ಆಸ್ತಿಯನ್ನು ನನಗೆ ಬೇಕಾದವರಿಗೆ ಬೇಕಾದಂತೆ ಬರೆದು ಹೋಗುತ್ತೇನೆ" ಎಂಬ ಅರ್ಥ ನಮ್ಮ ಮನಸ್ಸಿಗೆ ಬರುತ್ತದೆ. ಇಸ್ಲಾಮಿನಲ್ಲಿ ವಸಿಯ್ಯತ್ ಅಂಥದ್ದಲ್ಲ. ತಂದೆ, ತಾಯಿ, ಹೆಂಡತಿ, ಗಂಡ, ಮಗ, ಮಗಳು ಇವರ ಪಾಲನ್ನು ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾದಲ್ಲಿ ಅಲ್ಲಾಹನೇ ಗೊತ್ತುಮಾಡಿದ್ದಾನೆ. ಅದನ್ನು ತಿದ್ದುವ ಅಧಿಕಾರ ನಮ್ಮ ಪೆನ್ನಿಗಿಲ್ಲ. ಹಾಗಾದರೆ ವಸಿಯ್ಯತ್ ಯಾತಕ್ಕೆ? ಪಾಲು ಗೊತ್ತಾಗಿರುವವರಿಗಾಗಿ ಅಲ್ಲ, ಪಾಲು ಸಿಗದವರಿಗಾಗಿ. ನಮ್ಮ ಮೇಲಿರುವ ಸಾಲ ಮತ್ತು ಅಮಾನತ್ತುಗಳಿಗಾಗಿ. ನಮ್ಮ ಚಿಕ್ಕ ಮಕ್ಕಳನ್ನು ಯಾರ ಕೈಗೆ ಒಪ್ಪಿಸುತ್ತೇವೆ ಎಂಬುದಕ್ಕಾಗಿ. ಈ ಮೂರು ಮಾತುಗಳನ್ನೇ ಇಂದು ಬಿಡಿಸಿ ಹೇಳುತ್ತೇನೆ.

ಒಬ್ಬ ಮುಸಲ್ಮಾನ ತೀರಿಕೊಂಡಾಗ ಅವನು ಬಿಟ್ಟುಹೋದ ಆಸ್ತಿಯಿಂದ ನಾಲ್ಕು ಕೆಲಸಗಳು ಕ್ರಮವಾಗಿ ಆಗಬೇಕು. ಮೊದಲನೆಯದು ಕಫನ್ ದಫನ್ ಖರ್ಚು. ಎರಡನೆಯದು ಸಾಲದ ತೀರುವಳಿ. ಮೂರನೆಯದು ವಸಿಯ್ಯತ್, ಅದು ಉಳಿದ ಆಸ್ತಿಯ ಮೂರನೇ ಒಂದು ಭಾಗವನ್ನು ಮೀರಬಾರದು. ನಾಲ್ಕನೆಯದು ವಾರಸುದಾರರ ಪಾಲು. ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಮೊದಲನೆಯದನ್ನು ಎಲ್ಲರೂ ಚೆನ್ನಾಗಿ ಮಾಡುತ್ತೇವೆ. ಎರಡು ಮತ್ತು ಮೂರನ್ನು ಹಾರಿ ನೇರ ನಾಲ್ಕಕ್ಕೆ ಹೋಗುತ್ತೇವೆ. ಅದನ್ನೂ ಸರಿಯಾಗಿ ಮಾಡುವುದಿಲ್ಲ.

ಮೂರನೇ ಒಂದು ಭಾಗ ಎಂಬ ಮಿತಿ ಎಲ್ಲಿಂದ ಬಂತು ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ಕಾಯಿಲೆ ಬಿದ್ದಾಗ ಪ್ರವಾದಿ(ಸ) ಅವರನ್ನು ನೋಡಲು ಹೋದರು. ಸಅದ್‌ರಿಗೆ ಆಗ ಒಬ್ಬಳೇ ಮಗಳು. ಆಸ್ತಿಯ ಹೆಚ್ಚಿನ ಭಾಗವನ್ನು ದಾನವಾಗಿ ಬರೆಯಲೇ ಎಂದು ಕೇಳಿದರು, ಪ್ರವಾದಿ(ಸ) ಬೇಡವೆಂದರು. ಅರ್ಧ ಬರೆಯಲೇ ಎಂದರು, ಅದೂ ಬೇಡವೆಂದರು. ಮೂರನೇ ಒಂದು ಭಾಗಕ್ಕೆ ಒಪ್ಪಿದರು, ಆದರೆ ಅದೂ ಹೆಚ್ಚೇ ಎಂದು ಹೇಳಿದರು. ವಾರಸುದಾರರು ಜನರ ಮುಂದೆ ಕೈಚಾಚುವಂತೆ ಮಾಡಿಹೋಗುವುದಕ್ಕಿಂತ ಅವರನ್ನು ನೆಮ್ಮದಿಯಲ್ಲಿ ಬಿಟ್ಟುಹೋಗುವುದು ಲೇಸು ಎಂಬುದು ಆ ಮಾತಿನ ಸಾರ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಹಾಗೆಯೇ, ವಸಿಯ್ಯತ್ ಮಾಡಬೇಕಾದ ಏನಾದರೂ ಇರುವವನು ಅದನ್ನು ಬರೆದಿಡದೆ ಎರಡು ರಾತ್ರಿಯನ್ನೂ ಕಳೆಯಬಾರದು ಎಂಬ ಅರ್ಥದ ಹದೀಸ್ ಹಝ್ರತ್ ಇಬ್ನು ಉಮರ್(ರ) ಅವರಿಂದ ಬಂದಿದೆ. ನಾವು ಎರಡು ರಾತ್ರಿಯಲ್ಲ, ಇಪ್ಪತ್ತು ಮೂವತ್ತು ವರ್ಷಗಳನ್ನು ಕಳೆದಿದ್ದೇವೆ.

ಈಗ ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಇದು ಯಾರ ಮನೆಯ ಕಥೆಯೂ ಅಲ್ಲ. ಲೆಕ್ಕ ತಿಳಿಯಲೆಂದು ಮಾಡಿಕೊಂಡ ಮನೆ. ಒಬ್ಬ ಕಿರಾಣಿ ವ್ಯಾಪಾರಿ. ಅವನಿಗೆ ಹೆಂಡತಿ, ಮೂವರು ಗಂಡುಮಕ್ಕಳು, ಒಬ್ಬ ಮಗಳು. ನಡುವಿನ ಮಗ ಗೋವಾಕ್ಕೆ ದುಡಿಯಲು ಹೋಗಿದ್ದವನು ಅಲ್ಲೇ ಅಪಘಾತದಲ್ಲಿ ತೀರಿಹೋದ. ಅವನ ಇಬ್ಬರು ಮಕ್ಕಳು ಅಜ್ಜನ ಮನೆಯಲ್ಲೇ ಬೆಳೆಯುತ್ತಿದ್ದಾರೆ. ಕೆಲವು ವರ್ಷಗಳ ನಂತರ ಅಜ್ಜನೂ ತೀರಿಕೊಂಡ. ಕಫನ್ ದಫನ್, ಸಾಲ ಎಲ್ಲ ಹೋಗಿ ಮನೆ, ಪ್ಲಾಟು, ಅಂಗಡಿಯ ಮಾಲು ಸೇರಿ 24 ಲಕ್ಷ ರೂಪಾಯಿ ಬೆಲೆಯ ಆಸ್ತಿ ಉಳಿಯಿತು ಎನ್ನೋಣ.

ವಸಿಯ್ಯತ್ ಇಲ್ಲದಿದ್ದರೆ ಹಂಚಿಕೆ ಹೀಗಾಗುತ್ತದೆ. ಹೆಂಡತಿಗೆ ಎಂಟನೇ ಒಂದು ಭಾಗ, ಅಂದರೆ 3 ಲಕ್ಷ. ಉಳಿದ 21 ಲಕ್ಷದಲ್ಲಿ ಮಗಳ ಒಂದು ಪಾಲಿಗೆ ಮಗನಿಗೆ ಎರಡು ಪಾಲು. ಬದುಕಿರುವ ಇಬ್ಬರು ಗಂಡುಮಕ್ಕಳಿಗೆ ತಲಾ 8 ಲಕ್ಷ 40 ಸಾವಿರ, ಮಗಳಿಗೆ 4 ಲಕ್ಷ 20 ಸಾವಿರ. ತೀರಿಹೋದ ಮಗನ ಇಬ್ಬರು ಮಕ್ಕಳಿಗೆ? ಏನೂ ಇಲ್ಲ. ಸೊಸೆಗೂ ಇಲ್ಲ, ಅವಳು ಮಾವನ ವಾರಸುದಾರಳಲ್ಲ. ಹತ್ತಿರದ ಸಂಬಂಧಿ ಇರುವಾಗ ದೂರದ ಸಂಬಂಧಿಗೆ ಪಾಲು ಬರುವುದಿಲ್ಲ ಎಂಬುದು ಫರಾಯಿಝ್‌ನ ನಿಯಮ. ಅಜ್ಜನಿಗೆ ಬದುಕಿರುವ ಮಗನೊಬ್ಬನಿದ್ದರೂ ಮಗನ ಮಕ್ಕಳು ಹೊರಗುಳಿಯುತ್ತಾರೆ.

ಇಲ್ಲಿ ಕೆಲವರು "ಇದು ಅನ್ಯಾಯವಲ್ಲವೇ?" ಎಂದು ಕೇಳುತ್ತಾರೆ. ಅವಸರ ಮಾಡಬೇಡಿ. ಶರೀಅತ್ ಒಂದು ಬಾಗಿಲು ಮುಚ್ಚಿದ ಕಡೆಯಲ್ಲೇ ಇನ್ನೊಂದನ್ನು ತೆರೆದಿಟ್ಟಿದೆ. ಆ ಬಾಗಿಲೇ ವಸಿಯ್ಯತ್. ಮೊಮ್ಮಕ್ಕಳು ವಾರಸುದಾರರಲ್ಲದ ಕಾರಣಕ್ಕೇ ಅವರ ಹೆಸರಿಗೆ ವಸಿಯ್ಯತ್ ಬರೆಯಬಹುದು. ಮೂರನೇ ಒಂದು ಭಾಗದೊಳಗಿದ್ದರೆ ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಅದೇ ಅಜ್ಜ ಬದುಕಿದ್ದಾಗ ಆರನೇ ಒಂದು ಭಾಗವನ್ನು ಮೊಮ್ಮಕ್ಕಳಿಗೆ ಬರೆದಿಟ್ಟಿದ್ದರೆ ಅವರಿಗೆ 4 ಲಕ್ಷ ಸಿಗುತ್ತಿತ್ತು. ಉಳಿದ 20 ಲಕ್ಷದಲ್ಲಿ ಹೆಂಡತಿಗೆ ಎರಡೂವರೆ ಲಕ್ಷ, ಗಂಡುಮಕ್ಕಳಿಗೆ ತಲಾ 7 ಲಕ್ಷ, ಮಗಳಿಗೆ ಮೂರೂವರೆ ಲಕ್ಷ. ಯಾರೂ ಬೀದಿಗೆ ಬೀಳಲಿಲ್ಲ. ಇಬ್ಬರು ಯತೀಮ್ ಮಕ್ಕಳು ಪಿಯುಸಿ, ಡಿಗ್ರಿ ಓದುವಷ್ಟು ಆಸರೆ ಆಯಿತು. ವ್ಯತ್ಯಾಸ ಒಂದು ಹಾಳೆಯದು.

ಬೇರೆ ದೇಶಗಳು ಈ ಪ್ರಶ್ನೆಗೆ ಕಾನೂನಿನಿಂದ ಉತ್ತರ ಹುಡುಕಿವೆ. ಈಜಿಪ್ಟ್ 1946ರಲ್ಲಿ ಇಂಥ ಮೊಮ್ಮಕ್ಕಳಿಗೆ ಕಡ್ಡಾಯ ವಸಿಯ್ಯತ್ತಿನ ಕಾನೂನು ಮಾಡಿತು. ಅಜ್ಜ ಬರೆಯದಿದ್ದರೂ ಬರೆದಂತೆ ಎಂದು ತಿಳಿದು ಮೂರನೇ ಒಂದು ಭಾಗದ ಮಿತಿಯೊಳಗೆ ಕೊಡಿಸುತ್ತದೆ. ಪಾಕಿಸ್ತಾನದ 1961ರ ಕೌಟುಂಬಿಕ ಕಾನೂನು ತೀರಿಹೋದ ಮಗನ ಪಾಲನ್ನು ಅವನ ಮಕ್ಕಳಿಗೆ ಕೊಡುತ್ತದೆ. ಅದು ಸರಿಯೇ ತಪ್ಪೇ ಎಂದು ಅಲ್ಲಿನ ಉಲಮಾಗಳ ನಡುವೆ ಚರ್ಚೆಯಾಗಿದೆ. ಭಾರತದಲ್ಲಿ ನಮಗೆ ಅಂಥ ಕಾನೂನು ಇಲ್ಲ. ಇಲ್ಲಿ ಆ ಮಗುವಿಗೆ ಇರುವುದು ಅಜ್ಜನ ವಸಿಯ್ಯತ್ ಅಥವಾ ಅಜ್ಜ ಬದುಕಿರುವಾಗಲೇ ಕೊಡುವ ಹಿಬಾ. ಹಿಬಾ ಎಂದರೆ ಬರೀ ಮಾತಲ್ಲ. ಕೊಟ್ಟೆನೆಂದು ಹೇಳಬೇಕು, ಪಡೆಯುವವನು ಒಪ್ಪಬೇಕು, ಆಸ್ತಿ ಅವನ ಸ್ವಾಧೀನಕ್ಕೆ ಹೋಗಬೇಕು. ಸಾಯುವ ಕಾಯಿಲೆಯಲ್ಲಿ ಮಲಗಿರುವಾಗ ಕೊಟ್ಟರೆ ಅದಕ್ಕೂ ಮೂರನೇ ಒಂದು ಭಾಗದ ಮಿತಿಯೇ ಅನ್ವಯಿಸುತ್ತದೆ.

ಇವೆರಡೂ ಆಗದಿದ್ದರೆ? ಆಗ ಉಳಿಯುವುದು ಚಿಕ್ಕಪ್ಪ ದೊಡ್ಡಪ್ಪಂದಿರ ಮನಸ್ಸು. ಆಸ್ತಿ ಹಂಚುವಾಗ ಸಂಬಂಧಿಕರು, ಅನಾಥರು, ಬಡವರು ಅಲ್ಲಿದ್ದರೆ ಅವರಿಗೂ ಏನಾದರೂ ಕೊಡಿ, ಒಳ್ಳೆಯ ಮಾತಾಡಿ ಎಂದು ಸೂರಃ ಅನ್ನಿಸಾದ 8ನೇ ಆಯತ್ ತಿಳಿಸುತ್ತದೆ. ಈ ಆಯತ್ತನ್ನು ಹಂಚಿಕೆಯ ದಿನ ಓದುವ ಮನೆಗಳು ಎಷ್ಟಿವೆ ಎಂದು ನಾವೇ ಕೇಳಿಕೊಳ್ಳಬೇಕು.

ಇನ್ನು ಎರಡನೆಯ ವಿಷಯ, ಸಾಲ. ಕೊಡಬೇಕಾದವನು ಸಾಲ ಬಿಟ್ಟು ಸತ್ತಾಗ, ಅದನ್ನು ತೀರಿಸುವ ಹೊಣೆಯನ್ನು ಒಬ್ಬರು ಹೊರುವ ತನಕ ಪ್ರವಾದಿ(ಸ) ತಾವೇ ಜನಾಝಾ ನಮಾಝ್ ಮಾಡಿಸಲು ಮುಂದಾಗಲಿಲ್ಲ ಎಂಬ ಘಟನೆ ಹದೀಸ್‌ಗಳಲ್ಲಿದೆ. ನಮ್ಮಲ್ಲಿ ಜನಾಝಾ ಎದುರಿಗಿಟ್ಟು "ಯಾರಿಗಾದರೂ ಕೊಡುವುದಿದ್ದರೆ ಮಕ್ಕಳನ್ನು ಕಾಣಿ" ಎಂದು ಹೇಳುವ ರೂಢಿ ಇದೆ. ಒಳ್ಳೆಯದು. ಆದರೆ ಆಮೇಲೆ ಹತ್ತು ಜನ ಬಂದು ಹತ್ತು ಲೆಕ್ಕ ಹೇಳಿದರೆ ಮಕ್ಕಳು ಯಾರನ್ನು ನಂಬಬೇಕು? ಕೈಗಡ, ಚೀಟಿ ಹಣ, ಬೀಜ ಗೊಬ್ಬರದ ಬಾಕಿ, ಯಾರೋ ಹಜ್ಜಿಗೆಂದು ಇಟ್ಟುಕೊಳ್ಳಲು ಕೊಟ್ಟ ಅಮಾನತ್ತು, ಇವೆಲ್ಲ ಬರಹದಲ್ಲಿರಬೇಕು. ಸಾಲವನ್ನು ಬರೆದಿಡಿ ಎಂಬ ಆದೇಶವೇ ಕುರ್‌ಆನಿನ ಅತ್ಯಂತ ಉದ್ದದ ಆಯತ್ತಿನಲ್ಲಿದೆ, ಅಲ್‌ಬಕರಃದ 282ನೆಯದು.

ಗಂಡಸರು ಮರೆಯುವ ದೊಡ್ಡ ಸಾಲ ಇನ್ನೊಂದಿದೆ. ಅದು ಮಹರ್. ನಿಕಾಹ್‌ನಾಮಾದಲ್ಲಿ ಬರೆಸಿ ಕೊಡದೆ ಉಳಿಸಿದ ಮಹರ್ ಹೆಂಡತಿಗೆ ಕೊಡಬೇಕಾದ ಸಾಲ. ಅದು ಅವಳ ಎಂಟನೇ ಒಂದು ಪಾಲಿನಲ್ಲಿ ಸೇರಿದ್ದಲ್ಲ. ಪಾಲು ಮಾಡುವ ಮೊದಲೇ ಕೊಡಬೇಕಾದದ್ದು. ಗಂಡನ ಜನಾಝಾದ ಹೊತ್ತಿಗೆ ಅಳುತ್ತ ಕೂತ ಹೆಂಗಸಿಗೆ "ಮಹರ್ ಮಾಫ್ ಮಾಡು" ಎಂದು ಹೇಳಿಸುವುದು ಮರ್ಯಾದೆಯ ಮಾತಲ್ಲ. ಬದುಕಿದ್ದಾಗ ಕೊಡಿ, ಆಗದಿದ್ದರೆ ಇಷ್ಟು ಬಾಕಿ ಇದೆ ಎಂದು ಬರೆದಿಡಿ.

ಮೂರನೆಯದು ಚಿಕ್ಕ ಮಕ್ಕಳ ವಿಷಯ. ಇದು ನಮ್ಮ ತರುಣ ತಂದೆಯರಿಗೆ ಗೊತ್ತೇ ಇಲ್ಲದ ಮಾತು. ತಂದೆ ತೀರಿಕೊಂಡರೆ ಮಗುವನ್ನು ಸಾಕುವ ಹಕ್ಕು ತಾಯಿಗಿದೆ. ಆದರೆ ಮಗುವಿನ ಪಾಲಿಗೆ ಬಂದ ಆಸ್ತಿಗೆ ಅವಳು ತಾನಾಗಿ ಕಾನೂನುಬದ್ಧ ಪಾಲಕಳಾಗುವುದಿಲ್ಲ. ನಮ್ಮಲ್ಲಿ ನಡೆಯುವ ಹನಫಿ ಕಾನೂನಿನ ಪ್ರಕಾರ ತಂದೆ, ತಂದೆ ನೇಮಿಸಿದ ವಸೀ, ಅಜ್ಜ, ಅಜ್ಜ ನೇಮಿಸಿದ ವಸೀ, ಇವರೇ ಆ ಪಾಲಕರು. ಸುಪ್ರೀಂ ಕೋರ್ಟು 1996ರಲ್ಲಿಯೂ ಹೀಗೆಯೇ ಹೇಳಿದೆ. ಹಾಗಾಗಿ ಮಗಳ ಕಾಲೇಜು ಫೀಸಿಗೆಂದು ಆ ಪಾಲಿನ ಪ್ಲಾಟು ಮಾರಬೇಕಾದರೆ ತಾಯಿ 1890ರ ಪಾಲಕರ ಕಾಯ್ದೆಯಡಿ ಕೋರ್ಟಿಗೆ ಅರ್ಜಿ ಹಾಕಬೇಕು. ಆದರೆ ತಂದೆ ತನ್ನ ವಸಿಯ್ಯತ್ತಿನಲ್ಲಿ "ನನ್ನ ಮಕ್ಕಳು ದೊಡ್ಡವರಾಗುವ ತನಕ ನನ್ನ ಹೆಂಡತಿಯೇ ವಸೀ" ಎಂದು ಒಂದು ಸಾಲು ಬರೆದಿದ್ದರೆ ಅವಳಿಗೆ ಆ ಅಧಿಕಾರ ಬರುತ್ತದೆ. ಇದಕ್ಕೆ ಮೂವತ್ತು ಲಕ್ಷದ ಆಸ್ತಿ ಬೇಕಿಲ್ಲ. ಒಂದು ಟಂಟಂ ಗಾಡಿ, ಒಂದು ಗುಂಟೆ ಜಾಗ ಇದ್ದರೂ ಸಾಕು.

ವಸಿಯ್ಯತ್ ಬರೆಯುವುದು ಶ್ರೀಮಂತರ ಕೆಲಸ ಎನ್ನುವವರಿಗೆ ನಮ್ಮ ಸೀಮೆಯದೇ ಒಂದು ಚರಿತ್ರೆಯನ್ನು ನೆನಪಿಸುತ್ತೇನೆ. ನಿಜಾಮರ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆ ಮನೆತನದ ಮೂರನೇ ಸಾಲಾರ್ ಜಂಗ್ ನವಾಬ್ ಮೀರ್ ಯೂಸುಫ್ ಅಲಿ ಖಾನ್ ಮದುವೆಯಾಗಿರಲಿಲ್ಲ. 1949ರ ಮಾರ್ಚ್ 2ರಂದು ಅವರು ತೀರಿಕೊಂಡಾಗ ಅರಮನೆ, ಗ್ರಂಥಾಲಯ, ಲೋಕಪ್ರಸಿದ್ಧ ಕಲಾಸಂಗ್ರಹ ಎಲ್ಲವೂ ಯಾರಿಗೆ ಸೇರಬೇಕು ಎಂಬುದು ಇತ್ಯರ್ಥವಾಗದೆ ಉಳಿಯಿತು. ಸರ್ಕಾರ ಆಡಳಿತಕ್ಕೆ ಸಮಿತಿ ನೇಮಿಸಬೇಕಾಯಿತು. 1951ರಲ್ಲಿ ವಸ್ತು ಸಂಗ್ರಹಾಲಯ ತೆರೆಯಿತು. ಹಕ್ಕುದಾರರ ನಡುವೆ ಹೈಕೋರ್ಟಿನಲ್ಲಿ ರಾಜಿಯಾಗಿದ್ದು 1958ರಲ್ಲಿ. 1961ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ನವಾಬರ ಆಸ್ತಿಗೆ ಸಮಿತಿ, ಹೈಕೋರ್ಟು, ಸಂಸತ್ತು ಎಲ್ಲವೂ ಒದಗಿದವು. ನಮ್ಮ ನಿಮ್ಮ ಎರಡು ಕೋಣೆಯ ಮನೆಗೆ ಯಾವ ಸಂಸತ್ತು ಬರುತ್ತದೆ? ವರ್ಷಗಟ್ಟಲೆ ದಾವೆ ನಡೆಸುವ ಶಕ್ತಿ ಇಲ್ಲದವರಿಗೇ ಈ ಕಾಗದ ಹೆಚ್ಚು ಬೇಕು.

ಈ ಮಾತು ನಮ್ಮ ಊರಿಗೆ ಈಗ ಇನ್ನೂ ಹೆಚ್ಚು ಅನ್ವಯಿಸುತ್ತದೆ. 2017ರ ಬಜೆಟ್ಟಿನಲ್ಲಿ ಕುಕನೂರು ಹೊಸ ತಾಲ್ಲೂಕೆಂದು ಘೋಷಣೆಯಾಯಿತು. 2025ರಲ್ಲಿ ತಳಕಲ್‌ನಿಂದ ಕುಕನೂರು, ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಯವರೆಗೆ ರೈಲು ಓಡತೊಡಗಿತು. ತಾಲ್ಲೂಕು ಕಚೇರಿ, ರೈಲು ನಿಲ್ದಾಣ ಬಂದ ಕಡೆ ಜಾಗದ ಬೆಲೆ ನಿಂತ ಕಡೆ ನಿಲ್ಲುವುದಿಲ್ಲ. ಬೆಲೆ ಏರಿದ ಕಡೆ ಅಣ್ಣ ತಮ್ಮಂದಿರ ಮಾತೂ ಏರುತ್ತದೆ. ಅದೇ 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಶುರುಮಾಡಿತು. ಕಾರಣ, ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ತೀರಿಹೋದವರ ಹೆಸರಿನಲ್ಲೇ ಉಳಿದಿದ್ದವು.

ಪೌತಿ ಖಾತೆಯ ಹೊತ್ತಿನಲ್ಲಿ ನಡೆಯುವ ಒಂದು ಸಂಗತಿಯನ್ನು ಹೇಳಲೇಬೇಕು. ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ಇದ್ದರೆ "ಆಪಾ, ಒಂದು ಸಹಿ ಹಾಕು, ತವರಿನ ಬಾಗಿಲು ನಿನಗೆ ಯಾವಾಗಲೂ ತೆರೆದಿರುತ್ತದೆ" ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಕೆಲವರು ಬದುಕಿದ್ದಾಗಲೇ "ಮನೆ ಗಂಡುಮಕ್ಕಳಿಗೆ ಮಾತ್ರ" ಎಂದು ಮೃತ್ಯುಪತ್ರ ಬರೆಸುತ್ತಾರೆ. ತಿಳಿದುಕೊಳ್ಳಿ, ವಾರಸುದಾರನ ಹೆಸರಿಗೆ ಬರೆದ ವಸಿಯ್ಯತ್, ಬರೆದವನು ತೀರಿದ ಮೇಲೆ ಉಳಿದ ವಾರಸುದಾರರು ಮನಸಾರೆ ಒಪ್ಪದಿದ್ದರೆ ನಡೆಯುವುದಿಲ್ಲ. ಹದೀಸ್‌ನ ಮಾತೂ ಅದೇ; ನಮ್ಮ ಕರ್ನಾಟಕ ಹೈಕೋರ್ಟು 1980ರ ದಶಕದ ಒಂದು ತೀರ್ಪಿನಲ್ಲಿ ಹೇಳಿದ್ದೂ ಅದೇ. ಮಗಳ ಪಾಲನ್ನು ತಪ್ಪಿಸಲು ವಸಿಯ್ಯತ್ ಸಾಧನವಲ್ಲ. ಅದೇ ವಸಿಯ್ಯತ್ತಿನಲ್ಲಿ "ನನ್ನ ಹೆಣ್ಣುಮಕ್ಕಳಿಗೆ ಶರೀಅತ್ ಪ್ರಕಾರ ಪಾಲು ಕೊಡಿ" ಎಂದು ಹೆಸರು ಹಿಡಿದು ಬರೆದರೆ, ನಾಳೆ ಗಂಡುಮಕ್ಕಳು ತಂದೆಯ ಆ ಮಾತನ್ನು ಮೀರಲು ಹತ್ತು ಸಲ ಯೋಚಿಸುತ್ತಾರೆ.

"ಬ್ಯಾಂಕಿನಲ್ಲಿ ನಾಮಿನಿ ಹೆಸರು ಹಾಕಿದ್ದೇನೆ, ಸಾಕಲ್ಲವೇ?" ಎಂದು ಕೇಳುವವರಿದ್ದಾರೆ. ಸಾಲದು. ನಾಮಿನಿ ಬ್ಯಾಂಕಿನಿಂದ ಹಣ ಪಡೆಯುವವನು ಮಾತ್ರ; ಹಣದ ಒಡೆಯನಲ್ಲ. ಬ್ಯಾಂಕ್ ಠೇವಣಿಯ ಬಗ್ಗೆ 2010ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಪಡೆದ ಹಣವನ್ನು ಅವನು ವಾರಸುದಾರರಿಗೆ ಹಂಚಬೇಕು.

ಈಗ ಬರೆಯುವ ಬಗೆ. ಬುದ್ಧಿ ಸ್ವಸ್ಥವಿರುವ, 18 ವರ್ಷ ತುಂಬಿದ ಯಾರೂ ವಸಿಯ್ಯತ್ ಬರೆಯಬಹುದು. ಶರೀಅತ್ತಿನಲ್ಲಿ ಬಾಯಿಮಾತಿನ ವಸಿಯ್ಯತ್ತೂ ನಡೆಯುತ್ತದೆ, ಆದರೆ ಕೋರ್ಟಿನಲ್ಲಿ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಆದ್ದರಿಂದ ಬಿಳಿ ಹಾಳೆಯ ಮೇಲೆ, ನಿಮಗೆ ತಿಳಿಯುವ ಭಾಷೆಯಲ್ಲಿ, ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಿರಿ. ಛಾಪಾ ಕಾಗದ ಬೇಕಿಲ್ಲ. ಮೃತ್ಯುಪತ್ರಕ್ಕೆ ಮುದ್ರಾಂಕ ಶುಲ್ಕವಿಲ್ಲ. ಹೆಸರು, ವಯಸ್ಸು, ತಾರೀಖು, ಯಾರ ಒತ್ತಾಯವೂ ಇಲ್ಲದೆ ಬರೆಯುತ್ತಿದ್ದೇನೆ ಎಂಬ ಮಾತು ಮೊದಲಿಗೆ. ಆಮೇಲೆ ಕೊಡುವ ಸಾಲ, ಬರುವ ಸಾಲ, ಮಹರ್, ಅಮಾನತ್ತು. ಉಳಿದ ಝಕಾತ್, ಮಾಡದೆ ಉಳಿದ ಫರ್ಝ್ ಹಜ್ಜ್ ಇದ್ದರೆ ಅದೂ. ಹನಫಿ ಮಝ್‌ಹಬ್‌ನಲ್ಲಿ ಅವು ವಸಿಯ್ಯತ್ ಮಾಡಿದ್ದರೆ ಮಾತ್ರ ಮೂರನೇ ಒಂದು ಭಾಗದೊಳಗೆ ವಾರಸುದಾರರ ಮೇಲೆ ಬೀಳುತ್ತವೆ. ನಂತರ ಯಾರಿಗೆ ಎಷ್ಟು ಎಂಬುದು. ರೂಪಾಯಿಯಲ್ಲಿ ಬರೆಯುವುದಕ್ಕಿಂತ "ಆರನೇ ಒಂದು ಭಾಗ", "ಹತ್ತನೇ ಒಂದು ಭಾಗ" ಎಂದು ಬರೆದರೆ ಬೆಲೆ ಏರಿಳಿದರೂ ಗೊಂದಲವಾಗುವುದಿಲ್ಲ. ಕೊನೆಗೆ ಇದನ್ನು ಜಾರಿಗೆ ತರುವ ವಸೀ ಯಾರು ಎಂಬುದು. ವಸಿಯ್ಯತ್ತಿನಿಂದ ಲಾಭ ಪಡೆಯದ ಇಬ್ಬರು ಸಾಕ್ಷಿಗಳ ಸಹಿ ಇರಲಿ. ಹೆಬ್ಬೆಟ್ಟು ಒತ್ತುವವರಾದರೆ, ಓದಿ ಹೇಳಿ ತಿಳಿಸಲಾಗಿದೆ ಎಂದು ಬರೆಸಿ.

ನೋಂದಣಿ ಕಡ್ಡಾಯವಲ್ಲ, ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ಬಲ ಹೆಚ್ಚು. ಗುಟ್ಟಾಗಿರಬೇಕೆಂದರೆ ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಬರೆದ ಮೇಲೆ ಮನಸ್ಸು ಬದಲಾದರೆ ಬದುಕಿರುವ ತನಕ ಎಷ್ಟು ಸಲವಾದರೂ ಬದಲಿಸಬಹುದು; ಕೊನೆಯದೇ ನಡೆಯುತ್ತದೆ. ಒಂದು ಎಚ್ಚರಿಕೆ: 1937ರ ಶರೀಅತ್ ಕಾಯ್ದೆಯ 2ನೇ ಕಲಮು ಕೃಷಿ ಜಮೀನನ್ನು ಹೊರಗಿಟ್ಟಿದೆ. ಆದ್ದರಿಂದ ಹೊಲ ಇರುವವರು ಒಬ್ಬ ಆಲಿಮರ ಜೊತೆಗೆ ಜಮೀನಿನ ಕಾನೂನು ಬಲ್ಲ ವಕೀಲರನ್ನೂ ಕೇಳಿಯೇ ಬರೆಯಬೇಕು.

ವಾರಸುದಾರರು ನೆಮ್ಮದಿಯಾಗಿರುವವರು ಮೂರನೇ ಒಂದು ಭಾಗದೊಳಗೆ ಒಂದು ಚಿಕ್ಕ ಪಾಲನ್ನು ವಿದ್ಯೆಗೂ ಇಡಬಹುದು. ಬಂಗಾಳದ ಹೂಗ್ಲಿಯ ಹಾಜಿ ಮುಹಮ್ಮದ್ ಮೊಹ್ಸಿನ್ ಬದುಕಿರುವಾಗಲೇ, 1806ರಲ್ಲಿ, ತಮ್ಮ ಆಸ್ತಿಯನ್ನು ಧರ್ಮಕಾರ್ಯಕ್ಕೆ ಬರೆದುಕೊಟ್ಟರು. ಅವರು 1812ರಲ್ಲಿ ತೀರಿಕೊಂಡರು. ಆ ಆಸ್ತಿಯ ಹಣದಿಂದ 1836ರಲ್ಲಿ ಹೂಗ್ಲಿಯಲ್ಲಿ ಕಾಲೇಜು ಹುಟ್ಟಿತು; ಇಂದಿಗೂ ಅದು ಅವರ ಹೆಸರಿನಲ್ಲಿದೆ. ನಮ್ಮಿಂದ ಕಾಲೇಜು ಆಗದಿರಬಹುದು. ಒಂದು ಹುಡುಗಿಯ ನರ್ಸಿಂಗ್ ಫೀಸು, ಒಬ್ಬ ಹುಡುಗನ ಐಟಿಐ ಫೀಸು ಆಗಬಹುದಲ್ಲ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ ಓದು ಬರಹ ಬಾರದ ದಾದಾ, ನಾನಾ ಇದ್ದರೆ ಈ ಭಾಷಣವನ್ನು ಅವರಿಗೆ ಓದಿ ಹೇಳಿ. ಆಸ್ತಿಯ ಮಾತೆತ್ತಿದರೆ "ನನ್ನ ಸಾವಿಗೆ ಕಾಯುತ್ತಿದ್ದೀಯಾ" ಎಂದು ಹಿರಿಯರು ಬೇಸರಪಡಬಹುದು. ಆದ್ದರಿಂದ ಪಾಲಿನ ಮಾತಿನಿಂದ ಶುರುಮಾಡಬೇಡಿ. ಸಾಲದ ಮಾತಿನಿಂದ ಶುರುಮಾಡಿ. "ಅಬ್ಬಾ, ನೀವು ಯಾರಿಗೆ ಏನು ಕೊಡಬೇಕು ಹೇಳಿ, ನಾನು ಬರೆದಿಡುತ್ತೇನೆ" ಎಂದು ಕೇಳಿ. ಆ ಪ್ರಶ್ನೆಗೆ ಬೇಸರಪಡುವ ತಂದೆ ಇರಲಾರ. ಒಂದು ಹಾಳೆ ತೆರೆದರೆ ಉಳಿದದ್ದು ಅವರಾಗಿಯೇ ಹೇಳುತ್ತಾರೆ.

ಸಂಘದ ಪದಾಧಿಕಾರಿಗಳಿಗೆ ನನ್ನ ವಿನಂತಿ: ವರ್ಷಕ್ಕೊಂದು ದಿನ ಒಬ್ಬ ಆಲಿಮ್, ಒಬ್ಬ ವಕೀಲರು, ಚೆನ್ನಾಗಿ ಬರೆಯಬಲ್ಲ ನಾಲ್ಕು ವಿದ್ಯಾರ್ಥಿಗಳನ್ನು ಒಂದೆಡೆ ಕೂರಿಸಿ. ಬಂದವರಿಗೆ ವಸಿಯ್ಯತ್ ಬರೆದುಕೊಡಿ. ಅದಕ್ಕೆ ಒಂದು ಕೋಣೆ, ಎರಡು ಮೇಜು, ಒಂದು ಕಟ್ಟು ಹಾಳೆ ಸಾಕು. ವಿದ್ಯಾರ್ಥಿವೇತನ ಕೊಡುವಷ್ಟೇ ಪುಣ್ಯದ ಕೆಲಸ ಇದು. ಎಷ್ಟೋ ಯತೀಮ್ ಮಕ್ಕಳಿಗೆ ಆಮೇಲೆ ವಿದ್ಯಾರ್ಥಿವೇತನ ಕೇಳುವ ಪ್ರಸಂಗವೇ ಬಾರದಂತೆ ಮಾಡುತ್ತದೆ.

ಅಲ್ಲಾಹನು ನಮ್ಮ ಸಾಲಗಳನ್ನು ನಾವು ಬದುಕಿರುವಾಗಲೇ ತೀರಿಸುವ ಶಕ್ತಿ ಕೊಡಲಿ, ನಮ್ಮ ಮಕ್ಕಳನ್ನು ಒಬ್ಬರಿಗೊಬ್ಬರು ಆಸರೆಯಾಗಿಡಲಿ, ಯತೀಮರ ಹಕ್ಕು ತಿನ್ನುವ ಪಾಪದಿಂದ ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.

ವ ಆಖಿರು ದಅವಾನಾ ಅನಿಲ್ ಹಮ್ದು ಲಿಲ್ಲಾಹಿ ರಬ್ಬಿಲ್ ಆಲಮೀನ್. ಅಸ್ಸಲಾಮು ಅಲೈಕುಮ್.